ವಿಸಿಟ್ ವೀಸಾದಲ್ಲಿ ವ್ಯವಹಾರಕ್ಕೆ ಹೊರಟಿದ್ದೀರಾ? ಏನು ಮಾಡಬಹುದು, ಎಲ್ಲಿ ಕೈ ಕಟ್ಟಿ ನಿಲ್ಲಬೇಕು

ನಮ್ಮ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕು "ಎಲ್ಲಿಗೆ ಹೊಂಟ್ರಿ?" ಅಂದರೆ ಉತ್ತರ ಒಂದೇ: "ಇಲ್ಲೇ, ಸ್ವಲ್ಪ ಕೆಲಸ ಇತ್ತು." ಬ್ಯಾಂಕಿಗೆ ಹೋಗುವುದೂ ಕೆಲಸ, ತಾಲ್ಲೂಕು ಕಚೇರಿಯಲ್ಲಿ ಪಹಣಿ ತೆಗೆಸುವುದೂ ಕೆಲಸ, ಮಗಳಿಗೆ ಗಂಡು ನೋಡಲು ಹೋಗುವುದೂ ಕೆಲಸ. ಇದೇ ಅಭ್ಯಾಸ ನನ್ನನ್ನು ಒಮ್ಮೆ ಸಿಕ್ಕಿಸಿತ್ತು. ಕೃಷಿ ಯಂತ್ರಗಳ ಮೇಳ ನೋಡಲು ಮೊದಲ ಸಲ ಯುರೋಪಿಗೆ ಹೋಗಿದ್ದೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಯಾಕೆ ಬಂದಿರಿ ಅಂತ ಕೇಳಿದರು. ತಲೆಯಲ್ಲಿ ಕನ್ನಡದ "ಕೆಲಸ" ಇತ್ತು, ಬಾಯಿಂದ ಇಂಗ್ಲಿಷಿನ "ವರ್ಕ್" ಬಂತು.

ಗಾಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ತಲೆ ಎತ್ತಿ ನೋಡಿದರು. ಪಾಸ್‌ಪೋರ್ಟನ್ನು ಮತ್ತೊಮ್ಮೆ ತಿರುವಿದರು. ಇನ್ನೊಬ್ಬರು ಬಂದು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಒಂದೂವರೆ ಗಂಟೆ ಅಲ್ಲೇ. ಮೇಳದ ಟಿಕೆಟ್, ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್ ಎಲ್ಲ ಕೈಯಲ್ಲೇ ಇದ್ದದ್ದಕ್ಕೆ ಬಿಟ್ಟರು. ತಪ್ಪು ಅವರದ್ದಲ್ಲ, ನನ್ನದೇ. ಆ ಕೌಂಟರಿನಲ್ಲಿ "ವರ್ಕ್" ಅಂದರೆ ಅವರ ದೇಶದಲ್ಲಿ ದುಡಿಯುವುದು ಅಂತ ಅರ್ಥ. ನಾನು ಹೋಗಿದ್ದು ವ್ಯವಹಾರಕ್ಕೆ.

ನಮ್ಮದು ಮೆಕ್ಕೆಜೋಳ ಸುಲಿಯುವ, ಕಾಳು ಹಸನು ಮಾಡುವ ಯಂತ್ರಗಳ ಸಣ್ಣ ವರ್ಕ್‌ಶಾಪ್. ಆ ಪ್ರವಾಸ ಆದಮೇಲೆ ಕರೂರು ಇಂಡಸ್ಟ್ರಿಯಲ್ ಏರಿಯಾದ ಗೆಳೆಯರು, ಚಳ್ಳಕೆರೆಯ ಎಣ್ಣೆ ಮಿಲ್ಲಿನವರು, ಹೀಗೆ ಒಬ್ಬೊಬ್ಬರೇ ಫೋನ್ ಮಾಡಿ ಕೇಳತೊಡಗಿದರು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದು ಕಡೆ ಬರೆದಿದ್ದೇನೆ. ಶುಲ್ಕಗಳನ್ನು ಬೇಕೆಂದೇ ಜಾಸ್ತಿ ಬರೆದಿಲ್ಲ. ಅವು ಆಗಾಗ ಏರುತ್ತವೆ. ಕಟ್ಟುವ ದಿನ ಆಯಾ ದೇಶದ ಸರ್ಕಾರಿ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ.

ಹೆಜ್ಜೆ 1: ವೀಸಾ ಫಾರ್ಮ್ ತೆರೆಯುವ ಮೊದಲು ಒಂದು ಹಾಳೆ ತಗೊಳ್ಳಿ

ಹಾಳೆಯಲ್ಲಿ ಪ್ರವಾಸದ ಒಂದೊಂದು ದಿನಕ್ಕೂ ಒಂದೊಂದು ಸಾಲು ಬರೆಯಿರಿ. ಸೋಮವಾರ ಫ್ಯಾಕ್ಟರಿ ನೋಡುವುದು. ಮಂಗಳವಾರ ರೇಟು ಮಾತಾಡುವುದು. ಬುಧವಾರ ಮೇಳ. ಗುರುವಾರ ಅವರ ಹುಡುಗರ ಜೊತೆ ಸೇರಿ ಯಂತ್ರ ಓಡಿಸುವುದು. ಹೀಗೆ.

ಈಗ ಪ್ರತಿ ಸಾಲಿನ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ನೋಡುವುದು, ಕೇಳುವುದು, ಮಾತಾಡುವುದು, ಚೌಕಾಸಿ ಮಾಡುವುದು, ಸಹಿ ಹಾಕುವುದು, ಕಲಿಯುವುದು: ಇವು ಹೆಚ್ಚುಕಮ್ಮಿ ಎಲ್ಲ ದೇಶದಲ್ಲೂ ನಡೆಯುತ್ತವೆ. ತಯಾರಿಸುವುದು, ಮಾರುವುದು, ಬಡಿಸುವುದು, ಓಡಿಸುವುದು, ರಿಪೇರಿ ಮಾಡುವುದು: ಇಂಥ ಪದ ಕಂಡ ಕಡೆ ಒಂದು ಪ್ರಶ್ನೆಚಿಹ್ನೆ ಹಾಕಿ. ಆ ದಿನಗಳ ಬಗ್ಗೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ನನಗೆ ಸಂಬಳ ಕೊಡುವವರು ಯಾರು, ಇಲ್ಲಿಯವರೋ ಅಲ್ಲಿಯವರೋ? ನಾನು ಮಾಡುವುದರ ಫಲ ಯಾರ ಅಂಗಳದಲ್ಲಿ ಬೀಳುತ್ತದೆ? ನಾನು ಹೋಗದಿದ್ದರೆ ಅದೇ ಕೆಲಸಕ್ಕೆ ಅವರು ಅಲ್ಲಿಯ ಒಬ್ಬ ಆಳನ್ನು ಇಟ್ಟುಕೊಳ್ಳಬೇಕಿತ್ತಾ?

ಮೂರನೆಯದಕ್ಕೆ "ಹೌದು" ಅಂತ ಬಂದರೆ ಬಹುತೇಕ ಅದು ವಿಸಿಟ್ ವೀಸಾದ ಹೊರಗಿನ ಮಾತು. ಸಂಬಳ ಇಲ್ಲಿಂದಲೇ ಬಂದರೂ, ಒಂದು ರೂಪಾಯಿ ತಗೊಳ್ಳದೆ ಮಾಡಿದರೂ ಅಷ್ಟೇ. "ಫ್ರೀಯಾಗಿ ಮಾಡಿಕೊಟ್ರೆ ಏನ್ರೀ ತಪ್ಪು?" ಅಂತ ಎಲ್ಲರೂ ಕೇಳುತ್ತಾರೆ. ಬ್ರಿಟನ್ನಿನ ನಿಯಮವಂತೂ ಸಂಬಳವಿಲ್ಲದ ಕೆಲಸವನ್ನೂ ಕೆಲಸ ಅಂತಲೇ ಎಣಿಸುತ್ತದೆ. ವಿನಾಯಿತಿ ಇರುವುದು ನೋಂದಾಯಿತ ಧರ್ಮಾರ್ಥ ಸಂಸ್ಥೆಯಲ್ಲಿ 30 ದಿನದವರೆಗಿನ ಸ್ವಯಂಸೇವೆಗೆ ಮಾತ್ರ.

ಹೆಜ್ಜೆ 2: ಹೋಗುವ ದೇಶದ ಪಟ್ಟಿ ಓದಿ

ಈ ವಿಷಯದಲ್ಲಿ ಬ್ರಿಟನ್ನಿನವರು ಒಳ್ಳೆಯವರು ಅನ್ನಬೇಕು. ಏನು ಮಾಡಬಹುದು ಅಂತ ಪಟ್ಟಿಯನ್ನೇ ಬರೆದಿಟ್ಟಿದ್ದಾರೆ. ಅವರದ್ದು ಸ್ಟ್ಯಾಂಡರ್ಡ್ ವಿಸಿಟರ್ ವೀಸಾ, ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳವರೆಗೆ ಇರಬಹುದು. ಮೀಟಿಂಗ್, ಸೆಮಿನಾರ್, ಸಂದರ್ಶನಕ್ಕೆ ಹೋಗಬಹುದು. ಒಪ್ಪಂದ ಮಾತಾಡಿ ಸಹಿ ಹಾಕಬಹುದು. ಫ್ಯಾಕ್ಟರಿ, ಸೈಟು ನೋಡಿ ಪರೀಕ್ಷೆ ಮಾಡಬಹುದು. ಗಿರಾಕಿಗೆ ಏನು ಬೇಕು ಅಂತ ಕೂತು ಕೇಳಿಸಿಕೊಳ್ಳಬಹುದು, ಆದರೆ ಆ ಕೆಲಸವನ್ನು ಊರಿಗೆ ಬಂದು ಮಾಡಬೇಕು. ಮೇಳದಲ್ಲಿ ಸ್ಟಾಲ್ ಹಾಕಿ ಪ್ರಚಾರ ಮಾಡಬಹುದು, ನೇರ ಮಾರಾಟ ಮಾತ್ರ ಬೇಡ. 2024ರ ಜನವರಿ 31ರಿಂದ ಇನ್ನೊಂದು ಅನುಕೂಲ ಸೇರಿತು. ಅಲ್ಲಿದ್ದುಕೊಂಡೇ ಊರಿನ ಆಫೀಸಿನ ಮೇಲ್ ನೋಡುವುದು, ಲ್ಯಾಪ್‌ಟಾಪಿನಲ್ಲಿ ಇಲ್ಲಿಯ ಕೆಲಸ ಮುಂದುವರಿಸುವುದು ತಪ್ಪಲ್ಲ. ಆದರೆ ಪ್ರವಾಸದ ಮುಖ್ಯ ಉದ್ದೇಶ ಅದೇ ಆಗಿರಬಾರದು.

ಅಮೆರಿಕದ್ದು ಬಿ-1, ಅಂದರೆ ವ್ಯವಹಾರದ ಭೇಟಿಯ ವೀಸಾ. ಭಾರತೀಯರಿಗೆ ಸಾಮಾನ್ಯವಾಗಿ ಬಿ-1, ತಿರುಗಾಟದ ಬಿ-2 ಎರಡನ್ನೂ ಒಂದೇ ಸ್ಟಿಕರಿನಲ್ಲಿ 10 ವರ್ಷಕ್ಕೆ ಕೊಡುತ್ತಾರೆ. ವ್ಯವಹಾರದ ಮಾತುಕತೆ, ಸಮ್ಮೇಳನ, ಒಪ್ಪಂದ, ಕೋರ್ಟ್ ಕೇಸು, ಆಸ್ತಿ ಇತ್ಯರ್ಥ, ಸಣ್ಣ ಅವಧಿಯ ತರಬೇತಿ ಇದರಲ್ಲಿ ಬರುತ್ತವೆ. ವಿದೇಶದಲ್ಲಿ ತಯಾರಾದ ಸರಕಿಗೆ ಆರ್ಡರ್ ಬರೆದುಕೊಳ್ಳುವುದೂ ಬರುತ್ತದೆ. ಅಮೆರಿಕದ ಕಂಪನಿಯಿಂದ ಸಂಬಳ ತಗೊಳ್ಳುವಂತಿಲ್ಲ. ಓಡಾಟ, ಊಟ, ವಸತಿಯ ಖರ್ಚನ್ನು ಅವರು ಭರಿಸಿದರೆ ತೊಂದರೆಯಿಲ್ಲ.

ಕಾಲೇಜಿನಲ್ಲಿ ಪಾಠ ಮಾಡುವವರಿಗೆ ಒಂದು ಮಾತು. ಅಮೆರಿಕದ ವಿಶ್ವವಿದ್ಯಾಲಯ ಉಪನ್ಯಾಸಕ್ಕೆ ಕರೆದು ಗೌರವಧನ ಕೊಟ್ಟರೆ ಬಿ-1ನಲ್ಲೇ ತಗೊಳ್ಳಬಹುದು. ಒಂದು ಸಂಸ್ಥೆಯಲ್ಲಿ 9 ದಿನ ಮೀರಬಾರದು, 6 ತಿಂಗಳಲ್ಲಿ 5 ಸಂಸ್ಥೆಗಿಂತ ಹೆಚ್ಚು ಕಡೆ ತಗೊಂಡಿರಬಾರದು. ಬ್ರಿಟನ್ನಿನಲ್ಲೂ ಆಹ್ವಾನಿತ ಪರಿಣತರಿಗೆ ಸಂಭಾವನೆಯ ಅವಕಾಶ ಇದೆ. ಅದು ಹೊರಡುವ ಮೊದಲೇ ಗೊತ್ತಾಗಿರಬೇಕು, ಅಲ್ಲಿಗೆ ಇಳಿದ 30 ದಿನದೊಳಗೆ ಮುಗಿಯಬೇಕು.

ಯುರೋಪಿನ ಷೆಂಗೆನ್ ವೀಸಾದಲ್ಲಿ ಈಗ 29 ದೇಶ ಇವೆ. ಬಲ್ಗೇರಿಯಾ, ರೊಮೇನಿಯಾ 2025ರ ಜನವರಿ 1ರಿಂದ ಪೂರ್ತಿಯಾಗಿ ಸೇರಿದವು. ವೀಸಾ ಒಂದೇ ಆದರೂ "ಯಾವುದು ಕೆಲಸ" ಅನ್ನುವುದನ್ನು ಒಂದೊಂದು ದೇಶವೂ ತನ್ನ ಕಾನೂನಿನಂತೆ ತೀರ್ಮಾನಿಸುತ್ತದೆ. ಜರ್ಮನಿಯಲ್ಲಿ ನಡೆದದ್ದು ಪಕ್ಕದ ದೇಶದಲ್ಲೂ ನಡೆಯುತ್ತದೆ ಅಂದುಕೊಳ್ಳಬೇಡಿ. ಮೇಳ, ಮೀಟಿಂಗ್, ಒಪ್ಪಂದ ಎಲ್ಲ ಕಡೆ ಸರಿ. ಕೈಗೆ ಸ್ಪ್ಯಾನರ್ ತಗೊಳ್ಳುವ ಮಾತು ಬಂದರೆ ಆ ದೇಶದ ರಾಯಭಾರ ಕಚೇರಿಗೆ ಮೊದಲೇ ಮೇಲ್ ಮಾಡಿ ಕೇಳಿ, ಉತ್ತರವನ್ನು ಪ್ರಿಂಟ್ ಹಾಕಿ ಇಟ್ಟುಕೊಳ್ಳಿ.

ಚೀನಾಕ್ಕೆ ಖರೀದಿಗೆ ಹೋಗುವವರಿಗೆ ಬೇಕಾದದ್ದು ಎಂ ವೀಸಾ. ಗುವಾಂಗ್‌ಝೌನ ಕ್ಯಾಂಟನ್ ಮೇಳ 1957ರಿಂದ ನಡೆಯುತ್ತಿದೆ, ವರ್ಷಕ್ಕೆ ಎರಡು ಸಲ. ಅದರ ಆಹ್ವಾನವನ್ನೋ ಅಲ್ಲಿಯ ವ್ಯಾಪಾರಿಯ ಪತ್ರವನ್ನೋ ಇಟ್ಟು ಅರ್ಜಿ ಹಾಕಬೇಕು. ಕೊಳ್ಳುವವರ ಪಾಡು ಸುಲಭ, ನೋಡಿ, ಚೌಕಾಸಿ ಮಾಡಿ, ಆರ್ಡರ್ ಕೊಟ್ಟು ಬರುವುದು. ತಕರಾರು ಇರುವುದೆಲ್ಲ ಮಾರಲು ಹೋಗುವವರಿಗೇ.

ಇನ್ನು ದುಬೈ. ವ್ಯಾಪಾರಿಗಳಿಗೆ ಅಷ್ಟೇನೂ ತಲೆನೋವಿಲ್ಲ. ತಲೆನೋವು ನಮ್ಮ ಹಳ್ಳಿ ಕಡೆಯ ಹುಡುಗರದ್ದು. "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಕನ್ವರ್ಟ್ ಮಾಡಿಸ್ತೀವಿ" ಅನ್ನುವ ಏಜೆಂಟರಿದ್ದಾರೆ. ನಂಬಬೇಡಿ. ಸರಿಯಾದ ಪರವಾನಗಿ ಇಲ್ಲದೆ ಕೆಲಸಕ್ಕೆ ಇಟ್ಟುಕೊಂಡವರಿಗೆ ಯುಎಇ 2024ರಲ್ಲಿ ದಂಡ ಏರಿಸಿದೆ, ಈಗ ಕನಿಷ್ಠ 1 ಲಕ್ಷ, ಗರಿಷ್ಠ 10 ಲಕ್ಷ ದಿರ್ಹಮ್. ಇದು ವ್ಯವಹಾರದ ಪ್ರವಾಸವೇ ಅಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಹೆಜ್ಜೆ 3: ಪ್ರಶ್ನೆಚಿಹ್ನೆ ಹಾಕಿದ ಸಾಲುಗಳನ್ನು ಬಿಡಿಸಿ

ನಿಜವಾದ ತೊಡಕು ಇಲ್ಲಿದೆ. ನನಗೆ ಬಂದ ಫೋನುಗಳಲ್ಲಿ ಜಾಸ್ತಿ ಈ ಬಗೆಯವೇ.

ಮೊದಲನೆಯದು, ಯಂತ್ರ ಕೂರಿಸುವುದು. ನಾವು ಮಾರಿದ ಯಂತ್ರವನ್ನು ಹೋಗಿ ಕೂರಿಸಿ, ಓಡಿಸಿ ತೋರಿಸಿ ಬರಬಹುದಾ? ಬ್ರಿಟನ್, ಅಮೆರಿಕ ಎರಡೂ ಷರತ್ತಿನ ಮೇಲೆ ಒಪ್ಪುತ್ತವೆ. ಬ್ರಿಟನ್ನಿನಲ್ಲಿ ನೀವು ಆ ಯಂತ್ರ ತಯಾರಿಸಿದ ಅಥವಾ ಪೂರೈಸಿದ ಕಂಪನಿಯ ನೌಕರರಾಗಿರಬೇಕು, ಅಲ್ಲಿಯ ಕಂಪನಿಯ ಜೊತೆ ಖರೀದಿ, ಪೂರೈಕೆ ಅಥವಾ ಬಾಡಿಗೆಯ ಒಪ್ಪಂದ ಇರಬೇಕು. ಅಮೆರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ. ಯಂತ್ರ ಅಮೆರಿಕದ ಹೊರಗಿನ ಕಂಪನಿಯಿಂದ ಕೊಂಡದ್ದಾಗಿರಬೇಕು. ಕೂರಿಸಿಕೊಡುವುದು ಮಾರಿದವರ ಹೊಣೆ ಅಂತ ಮಾರಾಟದ ಒಪ್ಪಂದದಲ್ಲೇ ಸ್ಪಷ್ಟವಾಗಿ ಬರೆದಿರಬೇಕು. ಹೋಗುವವರಿಗೆ ಆ ಯಂತ್ರದ ವಿಶೇಷ ತಿಳಿವಳಿಕೆ ಇರಬೇಕು. ಅಲ್ಲಿಂದ ಸಂಬಳ ಬರಬಾರದು. ಗೋಡೆ ಕಟ್ಟುವುದು, ಕಾಂಕ್ರೀಟು ಹಾಕುವುದು ಇದರೊಳಗೆ ಬರುವುದಿಲ್ಲ, ಅಂಥ ಕಡೆ ನಿಂತು ಮೇಲುಸ್ತುವಾರಿ ಮಾಡಬಹುದು ಅಷ್ಟೇ.

ನಮ್ಮವರು ಎಡವುವುದು ಎರಡು ಕಡೆ. ಪರ್ಚೇಸ್ ಆರ್ಡರಿನಲ್ಲಿ ಯಂತ್ರದ ರೇಟು, ಜಿಎಸ್‌ಟಿ, ಪ್ಯಾಕಿಂಗ್ ಎಲ್ಲ ಇರುತ್ತದೆ, ಇನ್‌ಸ್ಟಾಲೇಶನ್ ಅನ್ನುವ ಸಾಲೇ ಇರುವುದಿಲ್ಲ. ಯಾಕೆಂದರೆ ರಾಣೆಬೆನ್ನೂರಿಗೋ ಹಾವೇರಿಗೋ ಯಂತ್ರ ಕೊಟ್ಟರೆ ಫಿಟ್ಟರ್ ಹೋಗಿ ಕೂರಿಸಿ ಬರುವುದು ಬಾಯಿಮಾತಿನಲ್ಲೇ ಆಗುತ್ತದೆ. ಹೊರದೇಶದ ಆರ್ಡರ್ ಆದರೆ "ಇನ್‌ಸ್ಟಾಲೇಶನ್, ಕಮಿಷನಿಂಗ್, ಆಪರೇಟರ್ ಟ್ರೈನಿಂಗ್, ಮಾರಿದವರಿಂದ, ಇಷ್ಟು ದಿನ" ಅಂತ ಮೊದಲ ದಿನವೇ ಬರೆಸಿ. ಎರಡನೆಯದು, ಯಾರನ್ನು ಕಳಿಸುತ್ತೀರಿ ಅನ್ನುವುದು. ಹರಿಹರದ ಕಿರ್ಲೋಸ್ಕರ್ ಕಾಲದಲ್ಲಿ ಪಳಗಿದ ಫಿಟ್ಟರುಗಳ ಕೈಗೆ ಈಗಲೂ ಸಾಟಿಯಿಲ್ಲ, ನಿಜ. ಆದರೆ ದಿನಗೂಲಿ ಮೇಲೆ ಕರೆಸಿಕೊಂಡವರು ನಿಮ್ಮ ಕಂಪನಿಯ ನೌಕರ ಅಂತ ಹೇಗೆ ತೋರಿಸುತ್ತೀರಿ? ಸಂಬಳದ ಸ್ಲಿಪ್, ಪಿಎಫ್ ಇರುವವರನ್ನೇ ಕಳಿಸಿ.

ಇದು ಸಣ್ಣ ವಿಷಯ ಅಂದುಕೊಂಡರೆ 2025ರ ಸೆಪ್ಟೆಂಬರ್ ನೆನಪಿರಲಿ. ಅಮೆರಿಕದ ಜಾರ್ಜಿಯಾದಲ್ಲಿ ಹ್ಯುಂಡೈ-ಎಲ್‌ಜಿ ಬ್ಯಾಟರಿ ಕಾರ್ಖಾನೆ ಕಟ್ಟುತ್ತಿದ್ದ ಜಾಗಕ್ಕೆ ಇಮಿಗ್ರೇಷನ್‌ನವರು ನುಗ್ಗಿ 475 ಜನರನ್ನು ಹಿಡಿದರು. 300ಕ್ಕೂ ಹೆಚ್ಚು ಮಂದಿ ದಕ್ಷಿಣ ಕೊರಿಯಾದವರು. ಅವರಲ್ಲಿ ಹಲವರು ಹೋಗಿದ್ದು ಸಣ್ಣ ಅವಧಿಯ ಭೇಟಿಯ ಅನುಮತಿಯಲ್ಲೇ.

ಎರಡನೆಯದು ದೋಸೆಯ ಪ್ರಶ್ನೆ. ಇದು ದಾವಣಗೆರೆ, ಬರದೆ ಇರುತ್ತದಾ? ಲಂಡನ್ನಿನಲ್ಲಿ ನೆಂಟರೊಬ್ಬರು ಹೋಟೆಲ್ ತೆರೆಯುತ್ತಿದ್ದಾರೆ, "ಮಾಮಾ, ಹದಿನೈದು ದಿನ ಬಂದು ನಮ್ಮ ಅಡುಗೆಯವರಿಗೆ ಬೆಣ್ಣೆ ದೋಸೆ ತೋರಿಸಿಕೊಟ್ಟು ಹೋಗಿ" ಅಂತ ಕರೆದಿದ್ದಾರೆ, ಹೋಗಬಹುದಾ ಅಂತ ಒಬ್ಬರು ಕೇಳಿದರು. ನಾನು ಹಾಳೆ ತೆಗೆಸಿ ಬರೆಸಿದೆ. ಜಾಗ ನೋಡುವುದು, ಅಡುಗೆಮನೆ ಹೇಗಿರಬೇಕು ಅಂತ ಮಾತಾಡುವುದು, ಹೆಸರು ಬಳಸಲು ಎಷ್ಟು ಕೊಡುತ್ತಾರೆ ಅಂತ ಚೌಕಾಸಿ ಮಾಡುವುದು, ಒಪ್ಪಂದಕ್ಕೆ ಸಹಿ: ಎಲ್ಲ ಸರಿ. ಕಾವಲಿ ಮುಂದೆ ನಿಂತು ಗಿರಾಕಿಗೆ ದೋಸೆ ಹುಯ್ಯುವುದು: ಅದು ಕೆಲಸ, ದುಡ್ಡು ತಗೊಳ್ಳದಿದ್ದರೂ. ಇನ್ನು ಅಲ್ಲಿಯ ಅಡುಗೆಯವರಿಗೆ ಹದಿನೈದು ದಿನ ಕಲಿಸುವುದು? ಬ್ರಿಟನ್ನಿನಲ್ಲಿ ಹೊರಗಿಂದ ಬಂದವರು ಅಲ್ಲಿಯ ನೌಕರರಿಗೆ ತರಬೇತಿ ಕೊಡುವ ಅವಕಾಶ ಇರುವುದು ಮುಖ್ಯವಾಗಿ ಒಂದೇ ಗುಂಪಿನ ಕಂಪನಿಗಳ ಒಳಗೆ. ನೆಂಟಸ್ತನ ಗುಂಪಿನ ಕಂಪನಿ ಆಗುವುದಿಲ್ಲ. ಅವರಿಗೆ ನಾನು ಹೇಳಿದ್ದು ಇಷ್ಟೇ: ಅಡುಗೆಯವರನ್ನೇ ಇಲ್ಲಿಗೆ ಕಳಿಸಲು ಹೇಳಿ, ನಿಮ್ಮ ಹೋಟೆಲಿನಲ್ಲೇ ನೋಡಿ ಕಲಿಯಲಿ. ಹಿಟ್ಟಿನ ಹದ ನಮ್ಮ ನೀರಿಗೇ ಚೆನ್ನ, ಅದು ಬೇರೆ ಮಾತು.

ಮೂರನೆಯದು ಸೀರೆ ಗಂಟು. ಮೊಳಕಾಲ್ಮುರು ರೇಷ್ಮೆ ಸೀರೆ ತಗೊಂಡು ಅಮೆರಿಕದ ಕನ್ನಡಿಗರ ಸಮಾವೇಶದಲ್ಲಿ ಸ್ಟಾಲ್ ಹಾಕುವ ಆಸೆ ಹಲವರಿಗೆ. ಹತ್ತು ಸೀರೆ ಸ್ಯಾಂಪಲ್ ತೋರಿಸಿ ಆರ್ಡರ್ ಬರೆದುಕೊಂಡು, ಊರಿಗೆ ಬಂದು ನೇಯಿಸಿ ಕಳಿಸಿದರೆ ಅದು ವ್ಯವಹಾರ. ಇನ್ನೂರು ಸೀರೆ ಹೊತ್ತು ಹೋಗಿ ಅಲ್ಲೇ ಗಂಟು ಬಿಚ್ಚಿ ಮಾರಿದರೆ ಅದು ಅಂಗಡಿ. ವೀಸಾ ಒಂದೇ ಅಲ್ಲ, ಕಸ್ಟಮ್ಸ್‌ನವರೂ ಹಿಡಿಯುತ್ತಾರೆ. ಬೆಲೆಬಾಳುವ ಸ್ಯಾಂಪಲ್ ಅಥವಾ ಯಂತ್ರವನ್ನು ಮೇಳಕ್ಕೆ ಒಯ್ದು ವಾಪಸ್ ತರುವುದಾದರೆ ಎಟಿಎ ಕಾರ್ನೆಟ್ ಅನ್ನುವ ಕಾಗದ ಮಾಡಿಸಿ. ಅದನ್ನು ಒಪ್ಪುವ ದೇಶಗಳಲ್ಲಿ ತಾತ್ಕಾಲಿಕವಾಗಿ ತಂದ ಸರಕಿಗೆ ಸುಂಕ ಕಟ್ಟಬೇಕಿಲ್ಲ. ಭಾರತದಲ್ಲಿ ಅದನ್ನು ಕೊಡುವುದು ಫಿಕ್ಕಿ ಅನ್ನುವ ವಾಣಿಜ್ಯ-ಕೈಗಾರಿಕೆಗಳ ಒಕ್ಕೂಟ.

ಹೆಜ್ಜೆ 4: ಇನ್ವಿಟೇಶನ್ ಲೆಟರ್ ನೀವೇ ಓದಿ, ಬೇಕಾದರೆ ವಾಪಸ್ ಕಳಿಸಿ

ಬಹಳ ಜನ ಈ ಪತ್ರ ಬಂದ ಕೂಡಲೇ ಖುಷಿಯಾಗಿ ಫೈಲಿಗೆ ಸೇರಿಸುತ್ತಾರೆ. ನಿಲ್ಲಿ. ಅಲ್ಲಿಯ ಕಂಪನಿಯ ಯಾರೋ ಗಡಿಬಿಡಿಯಲ್ಲಿ ಬರೆದಿರುತ್ತಾರೆ. ನನ್ನ ಗೆಳೆಯನಿಗೆ ಬಂದ ಪತ್ರದಲ್ಲಿ ಹೀಗಿತ್ತು: "ಇವರು ಮೂರು ವಾರ ನಮ್ಮ ಉತ್ಪಾದನಾ ವಿಭಾಗಕ್ಕೆ ನೆರವಾಗಲಿದ್ದಾರೆ." ಅವನು ಹೋಗುತ್ತಿದ್ದದ್ದು ಅವರ ಯಂತ್ರ ಕೊಳ್ಳುವ ಮೊದಲು ಅದು ಓಡುವುದನ್ನು ನೋಡಲು! ಕರೆದವರು ಮರ್ಯಾದೆಗೆ "ನೆರವು" ಅಂತ ಬರೆದಿದ್ದರು. ಆ ಒಂದು ಪದಕ್ಕೆ ವೀಸಾ ಹೋಗುತ್ತಿತ್ತು.

ತಿದ್ದಿಸಿದ ಮೇಲೆ ಪತ್ರ ಹೀಗಾಯಿತು: "ಇವರು ದಾವಣಗೆರೆಯ ತಮ್ಮ ಕಾರ್ಖಾನೆಗೆ ನಮ್ಮಿಂದ ಕಾಳು ಒಣಗಿಸುವ ಯಂತ್ರ ಕೊಳ್ಳುವ ಮಾತುಕತೆಯಲ್ಲಿದ್ದಾರೆ. ಯಂತ್ರ ಚಾಲನೆಯಲ್ಲಿರುವುದನ್ನು ನೋಡಲು, ತಾಂತ್ರಿಕ ವಿವರ ಮತ್ತು ಬೆಲೆ ಚರ್ಚಿಸಲು 8 ದಿನ ಬರುತ್ತಿದ್ದಾರೆ. ನಮ್ಮಿಂದ ಯಾವ ಸಂಬಳವೂ ಇಲ್ಲ. ವಿಮಾನ, ವಸತಿಯ ಖರ್ಚು ಅವರ ಕಂಪನಿಯದು." ಕೆಳಗೆ ಕರೆದವರ ಹೆಸರು, ಹುದ್ದೆ, ಫೋನು, ಕಂಪನಿಯ ನೋಂದಣಿ ಸಂಖ್ಯೆ. ಮೂರು ವಾರ ಹೋಗಿ 8 ದಿನ ಆಗಿದ್ದೂ ಗಮನಿಸಿ. ಯಂತ್ರ ನೋಡಲು ಮೂರು ವಾರ ಯಾರಿಗೆ ಬೇಕು? ಉಳಿದದ್ದು ತಿರುಗಾಟಕ್ಕೆ ಅಂತ ಅವನೇ ಒಪ್ಪಿಕೊಂಡ. ತಿರುಗಾಡುವುದಿದ್ದರೆ ಅದನ್ನು ಹಾಗೇ ಹೇಳಿದರಾಯಿತು, ಮೀಟಿಂಗ್ ಅಂತ ಯಾಕೆ ಹಿಗ್ಗಿಸಬೇಕು?

ಇಲ್ಲೊಂದು ಎಚ್ಚರಿಕೆ. ನಾನು ಹೇಳುತ್ತಿರುವುದು ನಿಜವನ್ನು ಸರಿಯಾದ ಪದದಲ್ಲಿ ಬರೆಸಿ ಅಂತ. ಕೆಲಸಕ್ಕೇ ಹೋಗುತ್ತಾ "ಮೀಟಿಂಗ್" ಅಂತ ಬರೆಸಿಕೊಳ್ಳುವುದು ಬೇರೆಯೇ ಕಥೆ. 2013ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ ಬಿ-1 ವೀಸಾ ಪ್ರಕರಣದಲ್ಲಿ ಅಮೆರಿಕ ಸರ್ಕಾರಕ್ಕೆ 3.4 ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡಿತು. ವೀಸಾ ದುರ್ಬಳಕೆಯ ಆರೋಪವನ್ನು ಕಂಪನಿ ಒಪ್ಪಲಿಲ್ಲ. ಆದರೆ ಸರ್ಕಾರದ ಆರೋಪಗಳಲ್ಲಿ ಒಂದು ಏನು ಗೊತ್ತಾ? ಹೋಗುವವರಿಗೆ "ವರ್ಕ್" ಅನ್ನುವ ಪದ ಬಳಸಬೇಡಿ ಅಂತ ಹೇಳಿಕೊಡಲಾಗಿತ್ತು ಎಂಬುದು. ಪದ ಬದಲಿಸಿದರೆ ಕೆಲಸ ಬದಲಾಗುವುದಿಲ್ಲ, ಅಲ್ವಾ?

ಹೆಜ್ಜೆ 5: ಫೈಲು

ಪಾಸ್‌ಪೋರ್ಟ್, ಫೋಟೋ ಇವೆಲ್ಲ ನಿಮಗೆ ಗೊತ್ತು. ವ್ಯವಹಾರಕ್ಕೆ ಹೋಗುವವರು ಸೇರಿಸಬೇಕಾದದ್ದು: ಕವರಿಂಗ್ ಲೆಟರ್, ಕಂಪನಿಯ ಜಿಎಸ್‌ಟಿ ನೋಂದಣಿ, ಆಮದು-ರಫ್ತು ಕೋಡ್ ಇದ್ದರೆ ಅದು, ಮೂರು ವರ್ಷದ ಐಟಿ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕರೆದವರ ಜೊತೆ ಹಿಂದೆ ನಡೆದ ಮೇಲ್, ಕೊಟೇಶನ್, ಇನ್‌ವಾಯ್ಸ್. ಹಳೆಯ ಮೇಲುಗಳನ್ನು ಜನ ಮರೆಯುತ್ತಾರೆ. ಪರಿಚಯ ನಿಜ, ವ್ಯವಹಾರ ನಿಜ ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಹೊಲ, ತೋಟ ಇದ್ದವರು ಪಹಣಿ ಇಡುತ್ತಾರೆ. ಇಡಿ, ಊರಿಗೆ ವಾಪಸ್ ಬರಲು ಅದೂ ಒಂದು ಕಾರಣ. ಆದರೆ ಪಹಣಿ ಕನ್ನಡದಲ್ಲಿರುತ್ತದೆ, ವೀಸಾ ಅಧಿಕಾರಿಗೆ ಸರ್ವೆ ನಂಬರ್ ಏನು ಗೊತ್ತು, ಗುಂಟೆ ಏನು ಗೊತ್ತು? ದೃಢೀಕರಿಸಿದ ಇಂಗ್ಲಿಷ್ ಅನುವಾದ ಜೊತೆಗಿಡಿ. ಬ್ರಿಟನ್ನಿಗಂತೂ ಅದು ಕಡ್ಡಾಯ.

ಅರ್ಜಿ ಹಾಕುವ ವಾರ ಭಾವನಿಂದ ಐದು ಲಕ್ಷ ಸಾಲ ತಂದು ಖಾತೆಗೆ ಹಾಕುವ ಅಭ್ಯಾಸ ಬಿಡಿ. ಸ್ಟೇಟ್‌ಮೆಂಟ್ ನೋಡಿದ ಯಾರಿಗಾದರೂ ಅದು ಎದ್ದು ಕಾಣುತ್ತದೆ. ಆ ಐದು ಲಕ್ಷ ಇಲ್ಲದಿದ್ದರೆ ಬಡವ ಅನ್ನುತ್ತಾರೆ, ಇದ್ದರೆ ಸುಳ್ಳ ಅನ್ನುತ್ತಾರೆ. ಸುಳ್ಳು ಕಾಗದವಂತೂ ಬೇಡವೇ ಬೇಡ. ಸಿಕ್ಕಿಬಿದ್ದರೆ ಬ್ರಿಟನ್ನಿಗೆ 10 ವರ್ಷ ಹೋಗುವಂತಿಲ್ಲ, ಅಮೆರಿಕದ ಬಾಗಿಲು ಜೀವಮಾನವಿಡೀ ಮುಚ್ಚಬಹುದು. ಹಿಂದೆ ವೀಸಾ ತಿರಸ್ಕಾರ ಆಗಿದ್ದರೆ ಮುಚ್ಚಿಡದೆ ಬರೆಯಿರಿ.

ಯುರೋಪಿಗೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಬೇಕು. ಪಾಸ್‌ಪೋರ್ಟ್ ನೀವು ವಾಪಸ್ ಹೊರಡುವ ದಿನದ ಮೇಲೆ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು.

ಹೆಜ್ಜೆ 6: ಅರ್ಜಿ ಮತ್ತು ಅಪಾಯಿಂಟ್‌ಮೆಂಟ್

ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳ ಮೊದಲಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಹೆಚ್ಚು ದಿನ ಯಾವ ದೇಶದಲ್ಲೋ ಆ ದೇಶಕ್ಕೆ ಹಾಕಬೇಕು. ಎಲ್ಲ ಕಡೆ ಸಮ ಇದ್ದರೆ ಮೊದಲು ಇಳಿಯುವ ದೇಶಕ್ಕೆ. ಜರ್ಮನಿಯ ಹ್ಯಾನೋವರ್‌ನಲ್ಲಿ ನಡೆಯುವ ಅಗ್ರಿಟೆಕ್ನಿಕಾ ಕೃಷಿ ಯಂತ್ರ ಮೇಳದಂಥ ದೊಡ್ಡ ಮೇಳಗಳ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಎರಡು-ಮೂರು ತಿಂಗಳು ಮೊದಲೇ ಹಿಡಿಯಿರಿ. ಬ್ರಿಟನ್ನಿಗೆ ಪ್ರಯಾಣದ 3 ತಿಂಗಳೊಳಗೆ ಹಾಕಬೇಕು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿಬರಬೇಕು. ಬೆಳಗಿನ ಹೊತ್ತಿನ ಅಪಾಯಿಂಟ್‌ಮೆಂಟ್ ಆದರೆ ಹಿಂದಿನ ರಾತ್ರಿಯೇ ಹೊರಡಿ. ತುಮಕೂರು ದಾಟಿದ ಮೇಲಿನ ಟ್ರಾಫಿಕ್ಕನ್ನು ನಂಬಿ ಯಾರೂ ಉದ್ಧಾರವಾಗಿಲ್ಲ.

ಅಮೆರಿಕಕ್ಕೆ ಡಿಎಸ್-160 ಫಾರ್ಮ್, ಆಮೇಲೆ ಸಂದರ್ಶನ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆ ಆಯಿತು, ಆದರೆ ವೀಸಾ ಸೇವೆ ಜೊತೆಗೇ ಶುರುವಾಗಲಿಲ್ಲ. ನಮ್ಮವರು ಹೋಗುವುದು ಚೆನ್ನೈಗೋ ಹೈದರಾಬಾದಿಗೋ. ಅಲ್ಲಿ ಮಾತು ಎರಡು-ಮೂರು ನಿಮಿಷದ್ದು. ಅವರ ಕಾನೂನಿನ ಪ್ರಕಾರ ನೀವು ಅಲ್ಲೇ ಉಳಿಯಲು ಬಂದವರು ಅನ್ನುವುದೇ ಮೊದಲ ಊಹೆ. ಹಾಗಲ್ಲ ಅಂತ ತೋರಿಸುವ ಹೊಣೆ ನಿಮ್ಮದು. "ಏನು ಮಾಡ್ತೀರಿ?" ಅಂದರೆ "ಬಿಸಿನೆಸ್" ಅಂತ ಸುಮ್ಮನಾಗಬೇಡಿ. "ದಾವಣಗೆರೆಯಲ್ಲಿ ಮೆಕ್ಕೆಜೋಳ ಸುಲಿಯುವ ಯಂತ್ರ ತಯಾರಿಸುತ್ತೇನೆ, 14 ಜನ ಇದ್ದಾರೆ" ಅನ್ನಿ. ಇಂಗ್ಲಿಷ್ ತಡವರಿಸಿದರೆ ಚಿಂತೆಯಿಲ್ಲ, ಉತ್ತರ ತಡವರಿಸಬಾರದು.

ಹೆಜ್ಜೆ 7: ದಿನ ಎಣಿಸಿ

ಷೆಂಗೆನ್ ಲೆಕ್ಕ 180 ದಿನದಲ್ಲಿ 90. ಇದನ್ನು "ಆರು ತಿಂಗಳಿಗೊಮ್ಮೆ ಮೂರು ತಿಂಗಳು" ಅಂತ ತಿಳಿದವರೇ ಜಾಸ್ತಿ. ಜನವರಿಯಿಂದ ಜೂನ್ ಒಂದು ಖಾತೆ, ಜುಲೈಯಿಂದ ಹೊಸ ಖಾತೆ, ಹಾಗಲ್ಲ. ಅಲ್ಲಿರುವ ಪ್ರತಿ ದಿನವೂ ಆ ದಿನ ಸೇರಿ ಹಿಂದಿನ 180 ದಿನ ತಿರುಗಿ ನೋಡಬೇಕು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ.

ಉದಾಹರಣೆ ನೋಡಿ. 2026ರ ಜನವರಿ 10ರಿಂದ ಫೆಬ್ರವರಿ 8, ಅದು 30 ದಿನ. ಏಪ್ರಿಲ್ 1ರಿಂದ 30, ಇನ್ನೊಂದು 30. ಜೂನ್ 1ರಿಂದ 30, ಮತ್ತೊಂದು 30. ಜೂನ್ 30ರಂದು ಹಿಂದಿರುಗಿ ನೋಡಿದರೆ ಜನವರಿ 2ರವರೆಗೆ ಹೋಗುತ್ತದೆ, ಒಟ್ಟು ಸರಿಯಾಗಿ 90. ವಿಮಾನ ತಪ್ಪಿ ಜುಲೈ 1ರಂದು ಹೊರಟರೆ 91, ಅಕ್ರಮ ವಾಸ. ಮತ್ತೆ ಯಾವಾಗ ಹೋಗಬಹುದು? ಜನವರಿ 10 ಲೆಕ್ಕದಿಂದ ಬಿದ್ದುಹೋಗುವ ದಿನ, ಅಂದರೆ ಜುಲೈ 9. ಅದಕ್ಕೇ ನಾನು ಎರಡು-ಮೂರು ದಿನ ಕೈಯಲ್ಲಿಟ್ಟುಕೊಂಡೇ ಟಿಕೆಟ್ ಮಾಡುವುದು.

ಅಮೆರಿಕದಲ್ಲಿ ಬೇರೆ ಲೆಕ್ಕ. ಪಾಸ್‌ಪೋರ್ಟಿನ ಸ್ಟಿಕರಿನಲ್ಲಿ 10 ವರ್ಷ ಇದ್ದರೆ ಅದು ಬಾಗಿಲು ಬಡಿಯುವ ಅವಕಾಶ ಮಾತ್ರ. ಎಷ್ಟು ದಿನ ಇರಬಹುದು ಅಂತ ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸುತ್ತಾರೆ, ಐ-94 ಅನ್ನುವ ದಾಖಲೆಯಲ್ಲಿ ಅದಿರುತ್ತದೆ. ಇಳಿದ ದಿನವೇ ಅವರ ವೆಬ್‌ಸೈಟಿನಲ್ಲಿ ತೆಗೆದು ನೋಡಿ. ಆ ದಿನ ದಾಟಿದರೆ ವೀಸಾ ರದ್ದಾಗುತ್ತದೆ. 180 ದಿನಕ್ಕಿಂತ ಜಾಸ್ತಿ ಮೀರಿ ಉಳಿದು ಹೊರಬಂದರೆ 3 ವರ್ಷ, ಒಂದು ವರ್ಷ ಮೀರಿದರೆ 10 ವರ್ಷ ಮತ್ತೆ ಪ್ರವೇಶವಿಲ್ಲ.

ಹೆಜ್ಜೆ 8: ಕೌಂಟರಿನಲ್ಲಿ

ವೀಸಾ ಸಿಕ್ಕರೆ ಒಳಗೆ ಬಿಟ್ಟಂತೆ ಅಲ್ಲ. ಇನ್ವಿಟೇಶನ್ ಲೆಟರ್, ಹೋಟೆಲ್, ವಾಪಸ್ ಟಿಕೆಟ್, ವಿಮೆ ಇವುಗಳ ಪ್ರಿಂಟ್ ಕೈಚೀಲದಲ್ಲಿರಲಿ. ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಜೊತೆ ಕೂತಿದ್ದರೆ ಪ್ರಯೋಜನವಿಲ್ಲ, ಸೂಟ್‌ಕೇಸ್ ಸಿಗುವುದು ಕೌಂಟರ್ ದಾಟಿದ ಮೇಲೆ. ಕರೆದವರ ಫೋನ್ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಅವರಿಗೆ ನೀವು ಇಳಿಯುವ ಹೊತ್ತು ತಿಳಿಸಿರಿ. ರಾತ್ರಿ ಹೊತ್ತಾದರೂ ಫೋನ್ ಎತ್ತಬೇಕು.

ಕೇಳಿದ್ದಕ್ಕೆ ಉತ್ತರ, ಅಷ್ಟೇ. "ಮೇಳ ನೋಡಲು, ಐದು ದಿನ, ಇದು ಟಿಕೆಟ್." ವ್ಯವಹಾರಕ್ಕೆ ಬಂದವರು "ಟೂರಿಸ್ಟ್" ಅನ್ನಬೇಡಿ, ವೀಸಾ ಅರ್ಜಿಯಲ್ಲಿ ಬೇರೆ ಇರುತ್ತದೆ. ಅಮೆರಿಕದ ಗಡಿಯಲ್ಲಿ ಫೋನ್ ತೆರೆಸಿ ನೋಡುವ ಅಧಿಕಾರವೂ ಅವರಿಗಿದೆ. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ "ಅಲ್ಲೇ ಸೆಟ್ಲ್ ಆಗ್ಬಿಡು ಮಾರಾಯ" ಅಂತ ಯಾರೋ ಹಾಕಿದ ತಮಾಷೆ, ಅದಕ್ಕೆ ನೀವು ಒತ್ತಿದ ನಗುಮುಖ, ಅಲ್ಲಿ ತಮಾಷೆಯಾಗಿ ಉಳಿಯುವುದಿಲ್ಲ.

ಕೋಣೆಗೆ ಕರೆದರೆ ಗಾಬರಿ ಬೇಡ. ನಾನು ಅಲ್ಲಿ ಕೂತಿದ್ದಾಗ ಅಧಿಕಾರಿ ಕೇಳಿದ ಕೊನೆಯ ಪ್ರಶ್ನೆ ಇದು: "ಈ ಮೇಳದಿಂದ ನಿಮಗೆ ಏನು ಸಿಗುತ್ತದೆ?" ನಾನು ಬ್ಯಾಗಿನಿಂದ ನಮ್ಮ ಸುಲಿಯುವ ಯಂತ್ರದ ಫೋಟೋ ತೆಗೆದೆ. ಇದರ ಜಾಲರಿಯಲ್ಲಿ ಕಾಳು ಒಡೆಯುತ್ತಿದೆ, ಒಡೆಯದ ಜಾಲರಿ ಯಾರು ಮಾಡುತ್ತಾರೆ ಅಂತ ಹುಡುಕಲು ಬಂದಿದ್ದೇನೆ ಅಂದೆ. ಅವರು ಫೋಟೋ ಸ್ವಲ್ಪ ಹೊತ್ತು ನೋಡಿ ಪಾಸ್‌ಪೋರ್ಟ್ ವಾಪಸ್ ಕೊಟ್ಟರು.

ಊರಿಗೆ ಬಂದ ಮೇಲೆ

2024ರ ಏಪ್ರಿಲ್‌ನಿಂದ ಭಾರತೀಯರಿಗೆ ಷೆಂಗೆನ್‌ನವರು ಒಂದು ಸೌಲಭ್ಯ ಕೊಟ್ಟಿದ್ದಾರೆ. ಮೂರು ವರ್ಷದೊಳಗೆ ಎರಡು ವೀಸಾ ತಗೊಂಡು ಸರಿಯಾಗಿ ಬಳಸಿದ್ದರೆ ಮುಂದೆ 2 ವರ್ಷದ್ದು, ಆಮೇಲೆ 5 ವರ್ಷದ್ದು ಸಿಗಬಹುದು, ಪಾಸ್‌ಪೋರ್ಟಿಗೆ ಅಷ್ಟು ಆಯುಷ್ಯ ಇದ್ದರೆ. "ಸರಿಯಾಗಿ ಬಳಸಿದ್ದು" ಅನ್ನುವುದಕ್ಕೆ ದಾಖಲೆ ನಿಮ್ಮ ಹತ್ತಿರವೂ ಇರಲಿ. 2025ರ ಅಕ್ಟೋಬರ್ 12ರಿಂದ ಅಲ್ಲಿ ಬೆರಳಚ್ಚು, ಮುಖದ ಫೋಟೋ ತೆಗೆದು ಕಂಪ್ಯೂಟರಿನಲ್ಲೇ ಹೋಗಿಬಂದ ದಿನ ಬರೆದುಕೊಳ್ಳುವ ವ್ಯವಸ್ಥೆ ಶುರುವಾಗಿದೆ, ಪಾಸ್‌ಪೋರ್ಟಿನ ಮುದ್ರೆಯ ಕಾಲ ಹೋಯಿತು. ಹಾಗಾಗಿ ಬೋರ್ಡಿಂಗ್ ಪಾಸ್, ಹೋಟೆಲ್ ಬಿಲ್, ಮೇಳದ ಬ್ಯಾಡ್ಜ್ ಒಂದು ಕವರಿನಲ್ಲಿ ಹಾಕಿಡಿ. ಬೋರ್ಡಿಂಗ್ ಪಾಸಿನ ಅಕ್ಷರ ವರ್ಷದೊಳಗೆ ಮಾಸಿ ಬಿಳಿ ಕಾಗದವಾಗುತ್ತದೆ. ವಿಮಾನ ಇಳಿದ ದಿನವೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.